ಗ್ಯಾನಪ್ಪನ ಮಗಳು ಎಣಿಸಿದ್ದು

ಪಾಮನಕಲ್ಲೂರಿನ ಗ್ಯಾನಪ್ಪ ಹುಟ್ಟಿದಾಗಿನಿಂದ ಕುರಿಗಳ ನಡುವೆಯೇ ಬೆಳೆದವನು. ಆದರೆ ತನ್ನ ಹಿಂಡಿನಲ್ಲಿ ಎಷ್ಟು ಕುರಿ ಇವೆಯೆಂದು ಒಮ್ಮೆಯೂ ಎಣಿಸಿದವನಲ್ಲ. ಎಣಿಸಿದರೆ ಹಿಂಡಿಗೆ ದೃಷ್ಟಿ ತಾಗುತ್ತದೆ ಎಂದು ಅಪ್ಪ ಹೇಳಿದ್ದ, ಅಲ್ಲಿಗೆ ಮುಗಿಯಿತು. ಮಗಳು ಮಮತಾ ಚಿಕ್ಕವಳಿದ್ದಾಗ ಬೆರಳು ಚಾಚಿ ಒಂದು, ಎರಡು ಎಂದರೆ ಸಾಕು, ಕೈ ಮೇಲೆ ಪಟ್ಟನೆ ಏಟು ಬೀಳುತ್ತಿತ್ತು. ಅವಳೋ ಮಹಾ ಹಟಮಾರಿ. ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಆ ಮಮತಾ ಈಗ ಸಿಎ. ಹಾಗೆಂದರೇನೆಂದು ಗ್ಯಾನಪ್ಪನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಮಸ್ಕಿಯಲ್ಲಿ ಔಷಧದಂಗಡಿಯ ಮೇಲೆ ಅವಳ ಆಫೀಸು. ಅದರ ಮೆಟ್ಟಿಲ ಮೇಲೆ ಲಿಂಗಸುಗೂರಿನ ಟ್ರ್ಯಾಕ್ಟರ್ ಶೋರೂಮಿನವರು, ಸಿಂಧನೂರಿನ ಅಕ್ಕಿ ಗಿರಣಿಯವರು ಕಾದು ನಿಂತಿರುವುದನ್ನು ಕಂಡಾಗಲೆಲ್ಲ ಅವನ ಎದೆ ಝಲ್ಲೆನ್ನುತ್ತದೆ. ವ್ಯಾಪಾರವೇನೋ ವರ್ಷವರ್ಷಕ್ಕೂ ಬೆಳೆಯುತ್ತಿದೆ, ಲೆಕ್ಕ ನೋಡಿ ಸಹಿ ಹಾಕುವವರೇ ಸಿಗುವುದಿಲ್ಲ. ಇದ್ದೊಬ್ಬರು ಹೈದರಾಬಾದಿಗೆ ಹೋದರು, ರಾಯಚೂರಿನವರಿಗೆ ಪುರುಸೊತ್ತಿಲ್ಲ.

ಸಿಂಧನೂರಿನ ಗಿರಣಿ ಸಾಹುಕಾರ ಜಂಬಣ್ಣನಿಗೂ ಅದೇ ಪೇಚು. ಗೋದಾಮಿನ ಅಕ್ಕಿಯ ಮೇಲೆ ಬ್ಯಾಂಕಿನಲ್ಲಿ ಸಾಲ ಎತ್ತಬೇಕು, ಅದಕ್ಕೆ ಮಮತಾಳ ಸಹಿ ಬೇಕು. ಅವಳು ಗೋದಾಮು ನೋಡದೆ ಹಾಕುವುದಿಲ್ಲ ಎಂದಳು. ಸರಿ, ಸಾಹುಕಾರ ಅವಳ ಅಪ್ಪನನ್ನು ಹಿಡಿದ. ಭತ್ತ ಕೊಯ್ದ ಮೇಲೆ ಗ್ಯಾನಪ್ಪನ ಕುರಿ ಬೇಸಿಗೆಯಿಡೀ ಮಂದೆ ಕಟ್ಟಿ ತರುಬುವುದು ಜಂಬಣ್ಣನ ಗದ್ದೆಯಲ್ಲೇ. ಕುರಿಗೆ ಮೇವು, ಗದ್ದೆಗೆ ಗೊಬ್ಬರ. ಮಗಳಿಗೊಂದು ಮಾತು ಹೇಳು, ಇಲ್ಲದಿದ್ದರೆ ಬೇರೆ ಗದ್ದೆ ನೋಡಿಕೋ ಎಂದು ಜಂಬಣ್ಣ ಖಡಾಖಂಡಿತವಾಗಿ ಹೇಳಿಬಿಟ್ಟ.

ಗ್ಯಾನಪ್ಪ ಆಫೀಸಿಗೆ ಹೋದ. ಅವನು ಬಾಯಿ ತೆರೆಯುವ ಮೊದಲೇ ಮಮತಾ ಚೀಲ ಹೆಗಲಿಗೇರಿಸಿ, ನಾನೂ ಸಿಂಧನೂರಿಗೇ ಹೊರಟಿದ್ದೇನೆ, ಬಾ ಅಪ್ಪಾ ಎಂದಳು. ಸಾಹುಕಾರನ ಮಾತನ್ನು ನುಂಗಿಕೊಂಡು ಅವನು ಅವಳ ಹಿಂದೆಯೇ ಬಸ್ಸು ಹತ್ತಿದ.

ಗೋದಾಮಿನಲ್ಲಿ ಅಕ್ಕಿಚೀಲಗಳು ಸೂರಿನವರೆಗೆ ಒಟ್ಟಿದ್ದವು. ಅಬ್ಬಾ, ಇಷ್ಟು ಅಕ್ಕಿಯನ್ನು ಗ್ಯಾನಪ್ಪ ಕನಸಿನಲ್ಲೂ ಕಂಡಿರಲಿಲ್ಲ. ಮಮತಾ ಸೆರಗು ಸಿಕ್ಕಿಸಿ, ಏಣಿ ಹತ್ತಿ, ಬೆರಳು ಚಾಚಿ ಗಟ್ಟಿಯಾಗಿ ಎಣಿಸತೊಡಗಿದಳು. ತಡೆಯಲು ಗ್ಯಾನಪ್ಪನ ಕೈ ತಾನಾಗಿಯೇ ಮೇಲೆದ್ದಿತು, ಹಾಗೇ ಗಾಳಿಯಲ್ಲಿ ನಿಂತಿತು. ಗಿರಣಿಯ ಆಳುಗಳೆಲ್ಲ ಕೆಲಸ ಬಿಟ್ಟು ಅವಳ ಬೆರಳನ್ನೇ ನೋಡುತ್ತಿದ್ದರು. ಇವಳು ತನ್ನ ಮಗಳೇ ಹೌದೇ ಎಂದು ಅವನಿಗೆ ಅನುಮಾನವಾಯಿತು.

ಏಣಿಯ ತುದಿಯಲ್ಲಿ ನಿಂತು ಅವಳು ಚೀಲಗಳ ಒಟ್ಟಿಲಿನೊಳಗೆ ಬಗ್ಗಿ ನೋಡಿದಳು.

"ಸಾವ್ಕಾರ್ರ, ಸುತ್ತ ಚೀಲ ಅದಾವ, ನಡುವ ಬಾವಿಯಂಗ ಖಾಲಿ ಐತ್ರಿ. ಬ್ಯಾಂಕಿಗೆ ಇದ್ದಷ್ಟ ಬರೀರಿ, ಸಹಿ ಹಾಕ್ತೀನಿ."

ಜಂಬಣ್ಣನ ಮುಖ ಕಪ್ಪಿಟ್ಟಿತು. ಅವನು ಗ್ಯಾನಪ್ಪನ ಕಡೆ ತಿರುಗಿದ. "ನೀನರ ಹೇಳಲೇ ಆಕಿಗೆ."

ಗ್ಯಾನಪ್ಪನಿಗೆ ಗದ್ದೆ ಕಣ್ಣ ಮುಂದೆ ಬಂತು.

"ಏನ್ ಹೇಳ್ಲಿರೀ ಧಣ್ಯಾರ? ಆಕಿ ನನ್ನ ಮಾತು ಕೇಳಿದ್ರ ಇವತ್ತು ಕುರಿ ಕಾಯ್ತಿದ್ಲು."

ಬೈದು ಕಳಿಸೋಣವೆಂದರೆ ಬೇರೆ ಸಿಎಯನ್ನು ಎಲ್ಲಿಂದ ತರುವುದು? ಜಂಬಣ್ಣ ಹಲ್ಲು ಕಚ್ಚಿ, ಇದ್ದಷ್ಟೇ ಬರೆಯೆಂದು ಗುಮಾಸ್ತನಿಗೆ ಹೇಳಿದ. ಗದ್ದೆಗೆ ಈ ಬೇಸಿಗೆ ಕಾಲಿಡಬೇಡವೆಂದು ಗ್ಯಾನಪ್ಪನಿಗೂ ಹೇಳಿದ.

ವಾಪಸು ಬರುವಾಗ ಮಮತಾಳ ಮುಖ ಸಣ್ಣದಾಗಿತ್ತು. ಇನ್ನು ಕುರಿ ಎಲ್ಲಿ ತರುಬುತ್ತೀ ಎಂದು ಕೇಳಿದಳು. ಗ್ಯಾನಪ್ಪ ಅವಳ ಬೆರಳುಗಳನ್ನು ನೋಡಿದ.

"ಎಲ್ಲೆರ ನೋಡೂಣು. ಮೊದಲ ಹಟ್ಟಿಗೆ ಬಾ," ಎಂದ. "ಎಷ್ಟು ಕುರಿ ಅದಾವಂತ ಎಣಿಸಿ ಹೇಳು."