ದೊರೆ ಏಳುವವರೆಗೆ ಕೂತಿರಿ

ನನ್ನ ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಾಳೆ. ಅವಳ ಕೈ ದಾಟಿ ಬಂದ ಅಂಗಿಯ ಕಾಲರು ಸಂಜೆಯವರೆಗೂ ತಲೆ ಬಗ್ಗಿಸುವುದಿಲ್ಲ. ಅವಳ ಒಬ್ಬನೇ ಮಗ ನಮ್ಮ ದೊರೆ. ಮನೆಯವರೆಲ್ಲ ಅವನನ್ನು ಕರೆಯುವುದೇ ಹಾಗೆ, ಏಕೆಂದರೆ ಅವನ ಅಪ್ಪಣೆಯಿಲ್ಲದೆ ನಮ್ಮಲ್ಲಿ ಫ್ಯಾನೂ ತಿರುಗುವುದಿಲ್ಲ. ಅವನಿಗೆ ಮಾತು ಬಾರದು. ಸದ್ದು ಹೆಚ್ಚಾದರೆ, ಬೇಕಾದದ್ದು ಸಿಗದಿದ್ದರೆ, ಕೆಲವೊಮ್ಮೆ ಯಾವ ಕಾರಣವೂ ಕಾಣದೆ, ಹಣೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ. ತಡೆಯಹೋದವರಿಗೂ ಏಟು ಬೀಳುತ್ತದೆ. ಈಗ ಅಕ್ಕನಿಗಿಂತ ಒಂದು ಗೇಣು ಎತ್ತರ ಬೆಳೆದಿದ್ದಾನೆ.

ಸರ್ಕಾರದ ಹಗಲು ಆರೈಕೆ ಕೇಂದ್ರವೊಂದು ಇದ್ದದ್ದರಿಂದ ಅಕ್ಕ ದುಡಿಯುತ್ತಿದ್ದಳು. ಆದರೆ ಹದಿನೆಂಟು ತುಂಬಿದ ಕೂಡಲೇ ಅಲ್ಲಿ ಹೆಸರು ಹೊಡೆದುಹಾಕುತ್ತಿದ್ದರು. ಹದಿನೆಂಟಕ್ಕೆ ಎಲ್ಲ ವಾಸಿಯಾಗುತ್ತದೆಂದು ಆ ನಿಯಮ ಬರೆದ ಮಹಾನುಭಾವನಿಗೆ ಯಾರು ಹೇಳಿದ್ದರೋ ಏನೋ. ದೊರೆಗೆ ಹದಿನೆಂಟು ತುಂಬಲು ಆಗ ಒಂದು ವರ್ಷವಷ್ಟೇ ಬಾಕಿ ಇತ್ತು. ಆಮೇಲೆ ಅಕ್ಕ ಕೆಲಸ ಬಿಡಬೇಕು, ಇಲ್ಲವೇ ಅವನನ್ನು ಒಳಗೆ ಕೂಡಿ ಬೀಗ ಜಡಿದು ಹೋಗಬೇಕು. ಭಾವ ತೀರಿಕೊಂಡು ವರ್ಷಗಳಾಗಿವೆ. ಅವಳ ತಂಗಿ ನಾನು ಬಸ್ ಕಂಡಕ್ಟರ್, ಹಗಲೆಲ್ಲ ರಸ್ತೆಯ ಮೇಲೆ. ಬೇರೆ ದಾರಿಯೇ ಇರಲಿಲ್ಲ.

ನಿಯಮ ಬದಲಿಸಿ ಎಂದು ಕೇಳಲು ಆ ಮಕ್ಕಳ ತಂದೆತಾಯಂದಿರು ಸಂಘ ಕಟ್ಟಿಕೊಂಡು, ಶಾಸಕರ ಮನೆಗಳಿಗೆ ಅಲೆದು ಚಪ್ಪಲಿ ಸವೆಸಿದರು. ಕೊನೆಗೂ ಶಾಸಕರ ಸಮಿತಿಯೊಂದು, ಮಕ್ಕಳನ್ನೂ ಕರೆದುಕೊಂಡು ಬನ್ನಿ, ಕೇಳೋಣ ಎಂದಿತು.

ಎಡವಿದ್ದು ಇಲ್ಲಿಯೇ. ಇಂಥ ಮಕ್ಕಳ ತಾಯಂದಿರಿಗೆ ನಾಲ್ಕು ಜನರ ನಡುವೆ ಹೋಗುವುದೆಂದರೆ ಒಂದೇ ಚಿಂತೆ, ತಮ್ಮ ಮಗುವನ್ನು ಕಂಡು ಯಾರೂ ಮುಖ ಸಿಂಡರಿಸಬಾರದು. ಅಕ್ಕ ಎಲ್ಲ ಮಕ್ಕಳ ಅಂಗಿಗಳನ್ನೂ ತರಿಸಿಕೊಂಡು ತಾನೇ ಇಸ್ತ್ರಿ ಹಾಕಿದಳು. ದೂರ ಪ್ರಯಾಣವಿದ್ದರೆ ಕೊಡಿ ಎಂದು ಡಾಕ್ಟರು ಬರೆದುಕೊಟ್ಟಿದ್ದ ಮಂಪರಿನ ಮಾತ್ರೆಯನ್ನು ಅಂದು ಬೆಳಿಗ್ಗೆ ಎಲ್ಲರೂ ಕೊಟ್ಟರು. ದೊಡ್ಡವರ ಮುಂದೆ ರಂಪ ಬೇಡ ಎಂದು ಒಬ್ಬರಿಗೊಬ್ಬರು ಬುದ್ಧಿ ಬೇರೆ ಹೇಳಿಕೊಂಡಿದ್ದರು.

ಸಭೆಯ ಕೋಣೆ ತಣ್ಣಗಿತ್ತು. ಉದ್ದನೆಯ ಮೇಜಿನ ಆಚೆ ಶಾಸಕರು, ಈಚೆ ನಾವು. ಮಕ್ಕಳು ಕ್ರಾಪು ತಿದ್ದಿಸಿಕೊಂಡು, ಗರಿಗರಿ ಅಂಗಿ ತೊಟ್ಟು, ಗೊಂಬೆಗಳ ಹಾಗೆ ತೂಕಡಿಸುತ್ತಿದ್ದರು. ಸಮಿತಿಯ ಅಧ್ಯಕ್ಷರು ವಯಸ್ಸಾದವರು, ಕೆಟ್ಟವರೇನಲ್ಲ. ಮಕ್ಕಳನ್ನು ಸಾಲಾಗಿ ನೋಡಿ ಅವರ ಮುಖ ಅರಳಿತು.

“ಎಷ್ಟು ಚೆನ್ನಾಗಿ ನೋಡ್ಕೊಂಡಿದ್ದೀರಮ್ಮ. ಇಷ್ಟು ಸಾಧು ಮಕ್ಕಳಿಗೆ ಕೇಂದ್ರ ಯಾಕೆ? ಮನೇಲೇ ಹಾಯಾಗಿರ್ತಾರಲ್ಲ.”

ಸಂಘದ ಹಿರಿಯರೊಬ್ಬರು ತಡವರಿಸುತ್ತ ಗಾಯಗಳ ಕಥೆ, ನಿದ್ದೆಗೆಟ್ಟ ರಾತ್ರಿಗಳ ಕಥೆ ಹೇಳಿದರು. ಹೇಳಿದ್ದಕ್ಕೂ ಕಣ್ಣಿಗೆ ಕಾಣುವುದಕ್ಕೂ ತಾಳೆಯೇ ಇರಲಿಲ್ಲ. ನನ್ನದು ಬಸ್ಸಿನಲ್ಲಿ ಕೂಗಿ ಕೂಗಿ ಕೆಟ್ಟ ಬಾಯಿ, ತೆರೆದರೆ ಇದ್ದದ್ದೂ ಹಾಳಾಗುತ್ತದೆಂದು ನಾಲಿಗೆ ಕಚ್ಚಿ ಕೂತೆ. ಅಧ್ಯಕ್ಷರು ಕಡತ ಮುಚ್ಚಿದರು.

ಆಗ ಅಕ್ಕ ಎದ್ದಳು. ಲಾಂಡ್ರಿಯ ಮಾಲೀಕನ ಮುಂದೆಯೂ ದನಿ ಎತ್ತದವಳು. ನಿಮ್ಮ ಮುಂದೆ ಮಾನ ಹೋಗಬಾರದೆಂದು ಮಾತ್ರೆ ಕೊಟ್ಟು ಕರೆತಂದಿದ್ದೇವೆ ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದಳು.

“ಮಧ್ಯಾಹ್ನಕ್ಕೆ ಇಳಿಯುತ್ತೆ ಸಾರ್. ಇವನು ಏಳೋವರೆಗೆ ಕೂತಿರಿ. ನೋಡಿ, ಆಮೇಲೆ ಬೇಡ ಅನ್ನಿ.”

ಊಟದ ಹೊತ್ತಾಗಿತ್ತು. ಉಳಿದ ಶಾಸಕರು ಗಡಿಯಾರ ನೋಡಿಕೊಂಡು ಒಬ್ಬೊಬ್ಬರಾಗಿ ಹೊರಟರು. ಅಧ್ಯಕ್ಷರೂ ಎದ್ದವರು, ಏನನ್ನಿಸಿತೋ, ಮತ್ತೆ ಕೂತರು. ಅವರ ಸಹಾಯಕ ಎರಡು ಸಲ ಬಾಗಿಲಲ್ಲಿ ಇಣುಕಿದ. ಎರಡನೆಯ ಸಲ ಅವರು ಬರುತ್ತೇನೆಂದು ಕೈಸನ್ನೆ ಮಾಡಿದರು. ಅಕ್ಕ ಮಾತ್ರ ಮಗನ ಕಣ್ಣರೆಪ್ಪೆಗಳನ್ನೇ ಕಾಯುತ್ತಿದ್ದಳು.

ದೊರೆ ಕಣ್ಣು ಬಿಟ್ಟ. ಚಾವಣಿಯ ದೀಪ ನೋಡಿ ನಕ್ಕ. ಅಯ್ಯೋ, ಎಂಥ ಚೆಂದದ ನಗು ಅದು! ಅಕ್ಕನ ಮುಖ ಬಿಳಿಚಿಕೊಂಡಿತು. ಅಧ್ಯಕ್ಷರೂ ನಕ್ಕು, ಸರಿ ಹಾಗಾದರೆ ಎನ್ನುತ್ತ ಕುರ್ಚಿ ಹಿಂದಕ್ಕೆ ತಳ್ಳಿದರು. ಅದರ ಕಾಲು ನೆಲಕ್ಕೆ ಕರ್ರೆಂದು ಉಜ್ಜಿತು.

ಅಷ್ಟೇ ಸಾಕಾಯಿತು. ದೊರೆಯ ಹಣೆ ಮೇಜಿನ ಅಂಚಿಗೆ ಬಡಿಯಿತು. ಎರಡನೆಯ ಏಟಿಗೆ ಅಕ್ಕ ನಡುವೆ ತನ್ನ ಅಂಗೈ ಇಟ್ಟಿದ್ದಳು. ನಾನು ಹಿಂದಿನಿಂದ ಸೊಂಟ ಹಿಡಿದೆ, ಅವನ ಮೊಣಕೈ ಅಕ್ಕನ ಕೆನ್ನೆಗೆ ಬಿತ್ತು. ಅಂಗಿಯ ಗುಂಡಿಗಳು ಕಿತ್ತು ಚೆಲ್ಲಾಪಿಲ್ಲಿಯಾದವು. ಅಧ್ಯಕ್ಷರು ಗೋಡೆಗೆ ಆತು ನಿಂತಿದ್ದರು. ಅವನು ಸೋತು ಸುಮ್ಮನಾಗುವವರೆಗೂ ಅಕ್ಕ ಅಂಗೈ ತೆಗೆಯಲಿಲ್ಲ.

ದಿನವೂ ಹೀಗೆಯೇ ಎಂದು ಅಧ್ಯಕ್ಷರು ಮೆಲ್ಲಗೆ ಕೇಳಿದರು.

“ಇವತ್ತು ಸ್ವಲ್ಪ ಕಮ್ಮಿ ಸಾರ್,” ಎಂದಳು.

ದೊರೆಗೆ ಹದಿನೆಂಟು ತುಂಬುವ ಮೊದಲೇ ಆ ನಿಯಮ ಹೋಯಿತು. ಅವನು ಈಗಲೂ ಕೇಂದ್ರಕ್ಕೆ ಹೋಗುತ್ತಾನೆ. ಸುದ್ದಿ ಬಂದ ದಿನ ನಾನು ಡಿಪೋದವರಿಗೆಲ್ಲ ಟೀ ಕೊಡಿಸಿ, ಕುಣಿಯುವುದೊಂದು ಬಾಕಿ ಎಂಬಂತೆ ಲಾಂಡ್ರಿಗೆ ಓಡಿದೆ. ಅಕ್ಕ ಇನ್ನೂ ಬಾವು ಇಳಿಯದ ಕೈಯಲ್ಲೇ ಇಸ್ತ್ರಿ ತಿಕ್ಕುತ್ತಿದ್ದಳು. ಗೆದ್ದು ಬಂದು ಇದೇನು ಗಂಟುಮುಖ ಎಂದು ಚೆನ್ನಾಗಿ ಬೈದೆ. ಅವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ಅವನು ನಗ್ತಾ ಎದ್ನಲ್ಲ, ಆಗ ದೇವರೇ, ಇವನು ಈಗಲೇ ಹಣೆ ಚಚ್ಕೊಳ್ಳಲಿ ಅಂತ ಬೇಡ್ಕೊಂಡೆ ಕಣೆ. ಹೆತ್ತವಳು ಬೇಡೋ ಮಾತಾ ಅದು?”