ಟವಲಿನ ಕೆಳಗಿನ ಮಾತು

ಮೊಮ್ಮಗಳು ಹುಟ್ಟಿದಾಗ ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳು ಹೆರಿಗೆಗೆಂದು ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿದ್ದಳು. ಬೀದಿಗೆಲ್ಲ ಸಕ್ಕರೆ ಹಂಚಿದೆ, ಹಂಚಿದ ಮನೆಗಳಿಗೇ ಮತ್ತೆ ಹೋದೆ. "ಬೆಳಿಗ್ಗೆ ಕೊಟ್ಟಿದ್ರಲ್ಲ ತಾತ" ಅಂದರು. "ಅದು ಬೆಳಿಗ್ಗೇದು, ಇದು ಮಧ್ಯಾಹ್ನದ್ದು" ಅಂದೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವನು ಹೀಗೆ ಪೆನ್ನು ಹಿಡಿದು ಕೂತಿದ್ದೂ ಆ ಮಗುವಿನ ಸಂತೋಷಕ್ಕೇ. ಆದರೆ ಸಂತೋಷವನ್ನು ಬರೆಯಲು ಹೋದರೆ ಅದರ ಜೊತೆಯಲ್ಲೇ ಇನ್ನೊಂದು ಬರುತ್ತದೆ. ತೊಟ್ಟಿಲಿಗೆ ಹಾಕುವ ದಿನ ಗೊತ್ತಾದ ಕೂಡಲೇ ನನಗೆ ಮೊದಲು ನೆನಪಾದವನು ಹತ್ತು ವರ್ಷದಿಂದ ಮುಖ ನೋಡದ ನನ್ನ ಗೆಳೆಯ. ಒಂದು ಕಾಲಕ್ಕೆ ಅವನು ಎಂಎಲ್‌ಎ ಆಗಿದ್ದ.

ಅದಕ್ಕೂ ಮುಂಚೆ ನಾವಿಬ್ಬರೂ ದನದ ದಲ್ಲಾಳಿಗಳು. ಚಿಂತಾಮಣಿ ಸಂತೆಯಲ್ಲಿ ಇಪ್ಪತ್ತು ವರ್ಷ ಒಂದೇ ಹುಣಸೆಮರದ ಕೆಳಗೆ ನಿಂತವರು. ನಮ್ಮಲ್ಲಿ ನೆಂಟಸ್ತಿಕೆ ಏನೂ ಇರಲಿಲ್ಲ, ಆದರೂ ಒಬ್ಬರನ್ನೊಬ್ಬರು ಬಾವ ಅನ್ನುತ್ತಿದ್ದೆವು. ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿ ಹೆಗಲ ಟವಲನ್ನು ಕೈಮೇಲೆ ಹಾಕಿಕೊಂಡು ಚಾಚುತ್ತಾನೆ, ಮಾರುವವನು ಅದರ ಕೆಳಗೆ ಕೈ ಇಡುತ್ತಾನೆ. ಬೆಲೆಯ ಲೆಕ್ಕಕ್ಕೆ ಬೆರಳು ಹಿಡಿದು ಹಿಡಿದು ಬಿಟ್ಟು ಕೊನೆಗೆ ಅಂಗೈಯನ್ನು ಗಟ್ಟಿಯಾಗಿ ಒತ್ತಿದರೆ ವ್ಯಾಪಾರ ಮುಗಿಯಿತು. ಕಾಗದವಿಲ್ಲ, ಸಾಕ್ಷಿಯಿಲ್ಲ. ಒತ್ತಿದ ಮೇಲೆ ಮಾತು ತಿರುಗಿಸಿದವನನ್ನು ಸಂತೆ ಮತ್ತೆ ಸೇರಿಸುವುದಿಲ್ಲ. ನನ್ನ ಗೆಳೆಯ ಒತ್ತಿದ ಮೇಲೆ ಯಾರೂ ಎರಡನೇ ಸಲ ಕೇಳುತ್ತಿರಲಿಲ್ಲ, ಅಷ್ಟು ನಂಬಿಕೆ.

ಆ ನಂಬಿಕೆಯೇ ಅವನನ್ನು ಎಲೆಕ್ಷನ್ನಿಗೆ ನಿಲ್ಲಿಸಿತು. ಎಂಬತ್ತರ ದಶಕ. ನಮ್ಮ ಹೋಬಳಿಯಲ್ಲಿ ದನದ ಆಸ್ಪತ್ರೆ ಇರಲಿಲ್ಲ. ಗಂಟಲುಬೇನೆ ಬಂದ ಎತ್ತನ್ನು ಗಾಡಿಗೆ ಹಾಕಿಕೊಂಡು ಊರೂರು ತಿರುಗುವಷ್ಟರಲ್ಲಿ ಅದು ಗಾಡಿಯಲ್ಲೇ ಸಾಯುತ್ತಿತ್ತು. "ಆಸ್ಪತ್ರೆ ತರ್ತೀನಿ" ಅಂತ ಒಂದೇ ಮಾತು ಹೇಳಿಕೊಂಡು ಅವನು ಯಾವ ಪಕ್ಷವೂ ಇಲ್ಲದೆ ನಿಂತ, ಗೆದ್ದೂಬಿಟ್ಟ. ಆ ಸಲ ಯಾವ ಪಕ್ಷಕ್ಕೂ ಪೂರ್ತಿ ಬಹುಮತ ಬರಲಿಲ್ಲ. ಮೂರು ನಾಲ್ಕು ಕಡೆಯವರು ಸೇರಿ ಸರ್ಕಾರ ಮಾಡಬೇಕಾಯಿತು. ಪಕ್ಷವಿಲ್ಲದೆ ಗೆದ್ದವರಿಗೆ ಬೆಂಗಳೂರಿನಿಂದ ಕಾರು ಬಂತು.

"ಬಾವ, ನೀನೂ ಹತ್ತು. ಒಬ್ನೇ ಹೋದ್ರೆ ಅಲ್ಲಿ ನನ್ ಹಲ್ಲು ನೋಡಿ ಬೆಲೆ ಕಟ್ತಾರೆ" ಅಂದ.

ಹೋದೆ. ದೊಡ್ಡ ಬಂಗಲೆ. ಸರ್ಕಾರ ಮಾಡಲು ಹೊರಟಿದ್ದ ನಾಯಕರು ಎದ್ದು ಬಂದು ಇವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ಏನು ಬೇಕು ಕೇಳಪ್ಪ" ಅಂದರು.

"ನನಗೇನೂ ಬ್ಯಾಡ ಸ್ವಾಮಿ. ನಮ್ ಹೋಬಳಿಗೆ ಒಂದು ದನದ ಆಸ್ಪತ್ರೆ, ಒಬ್ಬ ಡಾಕ್ಟ್ರು."

"ಅಷ್ಟೇನಾ? ಆಯ್ತು ಬಿಡು."

ಇವನು ಹೆಗಲ ಟವಲು ತೆಗೆದು ತನ್ನ ಕೈಮೇಲೆ ಹಾಸಿ ಅವರ ಮುಂದೆ ಚಾಚಿದ. ಅಲ್ಲಿದ್ದವರೆಲ್ಲ ನಕ್ಕರು. ನಾಯಕರೂ ನಗುತ್ತಲೇ ಟವಲಿನ ಕೆಳಗೆ ಕೈ ಇಟ್ಟರು. ಇವನ ಮುಖ ಅರಳಿತು. ನನ್ನ ಕಿವಿಯಲ್ಲಿ, "ಒತ್ತಿದ್ರು ಬಾವ, ಗಟ್ಟಿಯಾಗೇ ಒತ್ತಿದ್ರು" ಅಂದ. ಅವರು ಕೊಟ್ಟ ಬೆಂಬಲದ ಕಾಗದಕ್ಕೆ ಆಮೇಲೆ ಸಹಿ ಹಾಕಿದ. ನಾವೂ ಅವರಿಂದ ಒಂದು ಕಾಗದ ಬರೆಸಿಕೊಳ್ಳಬೇಕು ಅಂತ ಅವನಿಗೂ ಹೊಳೆಯಲಿಲ್ಲ, ಪಕ್ಕದಲ್ಲಿ ನಿಂತ ನನಗೂ ಹೊಳೆಯಲಿಲ್ಲ. ಅಂಗೈ ಒತ್ತಿದ ಮೇಲೆ ಕಾಗದ ಕೇಳುವುದು ನಮ್ಮಲ್ಲಿ ಬೈಗುಳಕ್ಕೆ ಸಮ.

ಮುಂದಿನ ಸಂತೆಯಲ್ಲಿ ಗಾಡಿಯ ಮೇಲೆ ಹತ್ತಿ ನಿಂತು, "ಕೈ ಒತ್ತಾಯ್ತು, ಆಸ್ಪತ್ರೆ ಬಂತು ಅಂತ ತಿಳ್ಕೊಳ್ಳಿ" ಅಂದ. ಸಂತೆ ಅದನ್ನು ಆಗಿಹೋದ ವ್ಯಾಪಾರ ಅಂತಲೇ ತಿಳಿಯಿತು. ಪೆರೇಸಂದ್ರದ ಒಬ್ಬ ರೈತ ಕಟ್ಟಡ ಎಬ್ಬಿಸಲಿ ಅಂತ ತನ್ನ ಹೊಲದ ಮೂಲೆಯ ಬೇವಿನಮರಗಳನ್ನು ಕಡಿಸಿ ಜಾಗ ಮಾಡಿಟ್ಟ.

ಒಂದು ವರ್ಷ ಆಯಿತು. ಆಸ್ಪತ್ರೆಗೆ ಬದಲು ಯಾವುದೋ ಒಂದು ನಿಗಮದ ಅಧ್ಯಕ್ಷ ಪದವಿ ಬಂತು, ಕೆಂಪು ದೀಪದ ಕಾರು ಬಂತು. "ಎತ್ತು ಕೇಳಿದ್ರೆ ಕೊರಳ ಗೆಜ್ಜೆ ಕೊಟ್ಟವ್ರೆ. ಇರ್ಲಿ, ಗೆಜ್ಜೆ ಬಂದ್ಮೇಲೆ ಎತ್ತು ಬರ್ದೆ ಇರ್ತದಾ" ಅಂತ ನಗುತ್ತಿದ್ದ. ವಿಧಾನಸೌಧಕ್ಕೆ ಹೋಗಿ ಹೋಗಿ ಕೇಳಿದ. ಅಲ್ಲಿನ ಗುಮಾಸ್ತ ಇವನನ್ನೇ ಕೇಳಿದ, "ಫೈಲ್ ಎಲ್ಲಿದೆ ಸಾರ್?" ಫೈಲ್ ಇರಲೇ ಇಲ್ಲ. ಅಷ್ಟರಲ್ಲಿ ಬೇರೊಂದು ಗುಂಪಿನ ಶಾಸಕರು ಸರ್ಕಾರಕ್ಕೆ ಸೇರಿಕೊಂಡರು, ಇವನ ಒಂದು ಓಟು ಯಾರಿಗೂ ಬೇಡವಾಯಿತು. ಕೊನೆಯ ಸಲ ನಾಯಕರ ಹತ್ತಿರ ಹೋಗಿ ಬಂದವನು ನಮ್ಮ ಮನೆಯ ಜಗಲಿಯ ಮೇಲೆ ಕೂತ. ನನ್ನ ಹೆಂಡತಿ ಕೊಟ್ಟ ಕಾಫಿ ಆರಿಹೋಯಿತು.

"ಕೈ ಒತ್ತಿದ್ದು ನೆನಪೈತಾ ಸ್ವಾಮಿ ಅಂದೆ ಬಾವ. ಅವತ್ತು ತಮಾಷೆಗೆ ಹಿಡಿದದ್ದಪ್ಪ ಅಂದ್ರು."

ಕಾರು ವಾಪಸ್ಸು ಹೋಯಿತು, ಪದವಿಯೂ ಹೋಯಿತು. ಮುಂದಿನ ಎಲೆಕ್ಷನ್ನಿನಲ್ಲಿ ಅವನ ಠೇವಣಿಯೂ ಉಳಿಯಲಿಲ್ಲ. ಇಷ್ಟನ್ನೂ ಅವನು ತಡೆದುಕೊಂಡ. ಸೋತ ಎರಡನೇ ವಾರ ಟವಲು ಹೆಗಲಿಗೆ ಹಾಕಿಕೊಂಡು ಸಂತೆಗೆ ಬಂದ, ನಮ್ಮ ಹುಣಸೆಮರದ ಕೆಳಗೇ ನಿಂತ.

ಪೆರೇಸಂದ್ರದ ಆ ರೈತ ಒಂದು ಜೊತೆ ಎತ್ತು ಹೊಡೆದುಕೊಂಡು ಬಂದಿದ್ದ. ಗೆಳೆಯ ಟವಲು ಹಾಸಿ ಕೈ ಚಾಚಿದ. ರೈತ ಕೈ ಎತ್ತಲಿಲ್ಲ.

"ನಿನ್ ಕೈ ಒಂದ್ಸಲ ಹಿಡಿದು ನೋಡಿದ್ವಲ್ಲಣ್ಣ. ಬೇವಿನಮರ ಹೋದ್ವು. ಹೋದ್ ಸುಗ್ಗೀಲಿ ನನ್ ಕರಿ ಎತ್ತೂ ಹೋಯ್ತು. ಆಸ್ಪತ್ರೆ ಬರ್ಲಿ, ಆಮ್ಯಾಕೆ ಹಿಡೀತೀನಿ."

ಸುತ್ತ ನಿಂತವರಲ್ಲಿ ಒಬ್ಬ ತೆಲುಗಿನಲ್ಲಿ ಏನೋ ಅಂದು ನಕ್ಕ. ಚಾಚಿದ ಕೈ ಚಾಚಿದಂತೆಯೇ ಇತ್ತು. ಗೆಳೆಯ ನನ್ನ ಕಡೆ ತಿರುಗಿದ.

"ನೀನು ಅಲ್ಲೇ ಇದ್ದೆಯಲ್ಲ ಬಾವ. ಹೇಳು ಇವ್ರಿಗೆ."

ನಾನು ಅಲ್ಲೇ ಇದ್ದೆ, ನಿಜ. ನಾಯಕರು ಟವಲಿನ ಕೆಳಗೆ ಕೈ ಇಟ್ಟದ್ದನ್ನೂ ನೋಡಿದ್ದೆ. ಒಂದು ಮಾತು ಹೇಳಬಹುದಾಗಿತ್ತು. ಹೇಳಿದರೆ ಸುಳ್ಳಿಗೆ ನಾನೂ ಪಾಲುದಾರ ಅಂದುಕೊಂಡು ನನ್ನ ಟವಲಿನ ಕೆಳಗೂ ಯಾರೂ ಕೈ ಇಡಲಿಕ್ಕಿಲ್ಲ ಅನ್ನಿಸಿತು. ನಾನು ಬಗ್ಗಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸತೊಡಗಿದೆ. ಆಗಲೇ ಒಂದು ಸಲ ಎಣಿಸಿದ್ದ ಹಲ್ಲುಗಳನ್ನೇ. ತಲೆಯೆತ್ತುವ ಹೊತ್ತಿಗೆ ಅವನು ಸಂತೆಯಲ್ಲಿ ಇರಲಿಲ್ಲ. ಆಮೇಲೆ ಅವನು ಬರಲಿಲ್ಲ, ನಾನೂ ಹುಡುಕಿಕೊಂಡು ಹೋಗಲಿಲ್ಲ. ಗೌರಿಬಿದನೂರಿನ ತರಕಾರಿ ಮಂಡಿಯಲ್ಲಿ ಮೂಟೆ ಹೊಲಿಯುತ್ತಾನೆ ಅಂತ ಯಾರೋ ಹೇಳಿದರು.

ಹತ್ತು ವರ್ಷದ ಮೇಲೆ ಮೊಮ್ಮಗಳ ಸಂತೋಷ ನನಗೆ ಧೈರ್ಯ ಕೊಟ್ಟಿತು. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಗೌರಿಬಿದನೂರಿಗೆ ಹೋದೆ. ಅವನು ಈರುಳ್ಳಿ ಮೂಟೆಗಳ ನಡುವೆ ಕೂತು ದಬ್ಬಣದಲ್ಲಿ ಅವುಗಳ ಬಾಯಿ ಹೊಲಿಯುತ್ತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಸಕ್ಕರೆ ಪೊಟ್ಟಣ ಕೈಗಿಟ್ಟು ಒಂದೇ ಉಸಿರಿಗೆ ಎಲ್ಲ ಹೇಳಿದೆ: ಹೆಣ್ಣು ಮಗು, ಮೂಗು ಅವರಜ್ಜಿಯದ್ದು, ಗಂಟಲು ಮಾತ್ರ ನನ್ನದು, ಅತ್ತರೆ ಮೂರು ಬೀದಿಗೆ ಕೇಳುತ್ತದೆ.

ಅವನು ನಕ್ಕ. "ನಿನ್ ಗಂಟ್ಲು ಬಂದಿದ್ರೆ ಪಾಪ, ಮದ್ವೆ ಕಷ್ಟ."

"ಭಾನುವಾರ ತೊಟ್ಟಿಲು. ಬರ್ತೀಯಾ ಬಾವ?"

ದಬ್ಬಣ ನಿಂತಿತು. "ಬರ್ತೀನಿ ಅಂತ ಹೇಳಲ್ಲ ಕಣಪ್ಪ. ಯಾರಿಗೂ ಏನೂ ಹೇಳೋದು ಬಿಟ್ಟಿದ್ದೀನಿ. ಹೆಂಡ್ತಿ ಉಪ್ಪು ತಾ ಅಂದ್ರೂ ತರ್ತೀನಿ ಅನ್ನಲ್ಲ, ತಂದಿಡ್ತೀನಿ ಅಷ್ಟೆ."

ಸಂತೆಯ ದಿನದ ಮಾತನ್ನು ಎತ್ತಬೇಕು ಅಂತಲೇ ಹೋಗಿದ್ದೆ. ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ಬಂದು ಕಿಟಕಿಯ ಹತ್ತಿರ ನಿಂತುಕೊಂಡಿದ್ದ, ಬಸ್ಸು ಹೊರಡುವವರೆಗೂ.

ಭಾನುವಾರ ಮನೆ ತುಂಬ ಜನ. ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳಿದಾಗ ನನ್ನ ಕಣ್ಣಲ್ಲಿ ನೀರು ನಿಲ್ಲಲಿಲ್ಲ. ಎಲ್ಲರೂ ಅದು ಆನಂದದ್ದು ಅಂದುಕೊಂಡರು, ಹೌದು ಆನಂದದ್ದೇ. ಊಟ ಮುಗಿದು ಎಲೆ ಎತ್ತುವ ತನಕ ಬಾಗಿಲ ಕಡೆ ನೋಡಿದೆ.

ಮರುದಿನ ಬೀದಿಯ ಕೊನೆಯಲ್ಲಿ ಹೂವು ಮಾರುವಾಕೆ ನನ್ನನ್ನು ನಿಲ್ಲಿಸಿದಳು.

"ನಿನ್ನೆ ಒಬ್ರು ವಯಸ್ಸಾದೋರು ಬಂದಿದ್ರು ತಾತ. ನಿಮ್ಮನೇಲಿ ಯಾರ್ಯಾರವ್ರೆ ಅಂತ ಕೇಳಿದ್ರು. ಚಿಂತಾಮಣಿ ಸಂತೆಯೋರೆಲ್ಲ ಬಂದವ್ರೆ ಅಂದೆ. ಎರಡು ಮೊಳ ಮಲ್ಲಿಗೆ ತಗೊಂಡು, ತೊಟ್ಟಿಲಿಗೆ ಕಟ್ಸಮ್ಮ ಅಂತ ನನ್ ಕೈಗೇ ಕೊಟ್ಟು ಹಂಗೇ ತಿರುಗಿ ಹೋದ್ರು. ನಿಮ್ ಮಗಳ ಕೈಗೆ ಕೊಟ್ಟಿದ್ನಲ್ಲ."

ಸಂತೆಯವರನ್ನೆಲ್ಲ ಕರೆದವನು ನಾನು. ಮೊಮ್ಮಗಳ ಸಂಭ್ರಮದಲ್ಲಿ, ಅವನ ಕೈಯನ್ನು ಬೇಡವೆಂದವರನ್ನೇ ಸಾಲಾಗಿ ಎಲೆ ಹಾಕಿ ಕೂರಿಸಿದ್ದೆ. ಪೆರೇಸಂದ್ರದ ರೈತನಿಗೆ ನಾನೇ ಎರಡು ಸಲ ಪಾಯಸ ಬಡಿಸಿದ್ದೆ.