ಎರಡು ಸಲ ಪಾಲಿಶ್ ಮಾಡಿಸಿದ ಅಕ್ಕಿ

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ಅರ್ಧ ಹೇಳಿ ಎದ್ದುಬಿಟ್ಟಿದ್ದೇನೆ. ಹೇಳಿದ್ದು ನನಗೆ ಅನುಕೂಲವಾದ ಅರ್ಧ. ಉಳಿದದ್ದನ್ನು ಮುಂದೂಡುತ್ತಲೇ ಮುದುಕನಾದೆ. ಇವತ್ತು ಪೂರ್ತಿ ಬರೆಯುತ್ತೇನೆ.

ರಾಜ್ಯ ಒಂದಾದ ಹೊಸದು. ನಾನು ಮೆಟ್ರಿಕ್ ಮುಗಿಸಿ ಯಲ್ಲಾಪುರದಲ್ಲಿ ಒಬ್ಬ ಮರದ ನಾಟಾ ವ್ಯಾಪಾರಿಯ ಡಿಪೋದಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ಪಾರ್ವತಿಗೆ ತವರಿನಲ್ಲಿ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನ ನಮ್ಮಲ್ಲೇ ಆಯಿತು. ಅದಕ್ಕೆಂದೇ ನನ್ನ ಅವ್ವ ಎಕ್ಕಂಬಿಯಿಂದ ಬಂದಿದ್ದಳು. ಆ ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಎಣ್ಣೆ ಹಚ್ಚಿ ಎರೆಯಲು ಅವ್ವನನ್ನೇ ಕರೆಯುತ್ತಿದ್ದರು. ಕಾಲು ನೀಡಿ ಕೂತು, ಮೊಣಕಾಲ ಮೇಲೆ ಕೂಸನ್ನು ಮಲಗಿಸಿಕೊಂಡರೆ ಎಂಥ ಹಟಮಾರಿ ಕೂಸೂ ಸುಮ್ಮನಾಗುತ್ತಿತ್ತು.

ಹೆಣ್ಣು ಮಗು. ಮೂರನೆಯ ತಿಂಗಳಿಗೆ ಪಾರ್ವತಿಯ ಕಾಲು ಬಾತವು. ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯುತ್ತಿತ್ತು. ಅಂಗಾಲು ಜೋಮು ಹಿಡಿದಂತೆ ಎನ್ನುತ್ತಿದ್ದಳು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಬಾಣಂತಿ ನಂಜು ಎಂದಳು ಅವ್ವ. ನಾನೂ ನಂಬಿ ಡಿಪೋಗೆ ಹೋಗುತ್ತಿದ್ದೆ.

ಒಂದು ಬೆಳಿಗ್ಗೆ ತೊಟ್ಟಿಲು ಅಲುಗಾಡುತ್ತಿತ್ತು. ಬಗ್ಗಿ ನೋಡಿದೆ.

ಮಗು ಅಳುತ್ತಿತ್ತು. ದನಿ ಇರಲಿಲ್ಲ.

ಬಾಯಿ ಅಗಲಕ್ಕೆ ತೆರೆದಿತ್ತು, ಮುಖ ಕೆಂಪಾಗಿತ್ತು, ಬರುತ್ತಿದ್ದದ್ದು ಬರೀ ಗಾಳಿ. ಶಿರಸಿಗೆ ಹೊರಟಿದ್ದ ನಮ್ಮ ಡಿಪೋದ ಲಾರಿಯಲ್ಲಿ ಡ್ರೈವರನ ಪಕ್ಕ ನಾಲ್ವರೂ ಒತ್ತಿಕೊಂಡು ಕೂತೆವು. ದಾರಿಯುದ್ದಕ್ಕೂ ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದೆ.

ಆಸ್ಪತ್ರೆಯ ಡಾಕ್ಟರು ಪಾರ್ವತಿಯ ಕಾಲು ಒತ್ತಿ ನೋಡಿದರು. ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಕಾಲು ಮಿಸುಕಲಿಲ್ಲ. ಮಗುವಿನ ಎದೆಗೆ ಸ್ಟೆತೊಸ್ಕೋಪ್ ಇಟ್ಟವರು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಕೇಳಿದ್ದು ಊಟದ ಬಗ್ಗೆ.

"ಬಾಣಂತಿಗೆ ಏನ್ ಕೊಡ್ತಾರ್ರಿ," ಎಂದಳು ಅವ್ವ. "ಬಿಳಿ ಅನ್ನ, ಮೆಣಸಿನ ಸಾರು, ಒಂದು ಚಮಚ ತುಪ್ಪ."

"ಬೇಳೆ? ಸೊಪ್ಪು?"

"ಕೂಸಿಗೆ ಥಂಡಿ ಆಗ್ತೇತ್ರಿ."

"ಅಜ್ಜಿ, ನೀವು ಇವರಿಬ್ಬರನ್ನೂ ಹೊಟ್ಟೆ ತುಂಬ ಉಣಿಸಿ ಉಪವಾಸ ಕೆಡವಿದ್ದೀರಿ." ಡಾಕ್ಟರು ನನ್ನ ಕಡೆ ತಿರುಗಿದರು. "ಅಕ್ಕಿ ಯಾವುದು? ಇಷ್ಟು ಬಿಳಿ ಅಕ್ಕಿ ತರಿಸಿದವರು ಯಾರು?"

ತರಿಸಿದವನು ನಾನು. ಎಕ್ಕಂಬಿಯ ನಮ್ಮ ಗದ್ದೆಯ ಅಕ್ಕಿ ಕೆಂಪು. ಅವ್ವ ಅದನ್ನು ಮನೆಯಲ್ಲೇ ಕುಟ್ಟುತ್ತಿದ್ದಳು. ಡಿಪೋದ ಬೇರೆ ಗುಮಾಸ್ತರ ಮನೆಯಲ್ಲಿ ಮಲ್ಲಿಗೆಯಂಥ ಅನ್ನ, ನಮ್ಮಲ್ಲಿ ಮಾತ್ರ ಒಕ್ಕಲಿಗರ ಕೆಂಪು ಅನ್ನ ಎಂದು ನನಗೆ ನಾಚಿಕೆ. ಪಾರ್ವತಿ ಬಸುರಿಯಾದಾಗ ಮನೆಯ ಭತ್ತವನ್ನು ಮಿಲ್ಲಿಗೆ ಒಯ್ದು, ಎರಡು ಸಲ ಪಾಲಿಶ್ ಮಾಡಿಸಿದೆ. ಕೂಲಿಗೆ ಬದಲಾಗಿ ತೌಡನ್ನು ಅಲ್ಲೇ ಬಿಟ್ಟು ಬಂದೆ. ಅದು ಸಾಲಲಿಲ್ಲ, ಮೇಲಿನ ಖರ್ಚಿಗೆ ಸಂತೆಯ ಚೀಲದಿಂದ ಹೆಸರುಕಾಳು, ಶೇಂಗಾ ಕಡಿಮೆ ಮಾಡಿದೆ. ನೀರು ತಿಳಿಯಾಗುವ ತನಕ ಅಕ್ಕಿ ತೊಳೆಯಿರಿ, ಗಂಜಿ ಬಸಿದು ಚೆಲ್ಲಿರಿ, ಅನ್ನ ಉದುರುದುರಾಗಿರಲಿ ಎಂದು ಹೇಳಿದವನೂ ನಾನೇ. "ನಮ್ಮ ಅಕ್ಕಿಗೆ ಏನಾಗೇತೋ?" ಎಂದು ಅವ್ವ ಒಮ್ಮೆ ಕೇಳಿದ್ದಳು. ಅವಳಿಗೂ ಆರೋಗ್ಯದ ಲೆಕ್ಕವೇನೂ ತಿಳಿದಿರಲಿಲ್ಲ, ಮನೆಯ ಅಕ್ಕಿಯ ಮೇಲಿನ ಅಭಿಮಾನ ಅಷ್ಟೆ.

ಡಾಕ್ಟರು ಕಾಯುತ್ತಿದ್ದರು. ಅವ್ವ ನನ್ನ ಮುಖ ನೋಡಿದಳು.

"ಮನೆಯೊಳಗಿಂದೆಲ್ಲಾ ಅವ್ವನೇ ನೋಡ್ತಾಳ್ರಿ," ಎಂದೆ. "ನನಗೇನೂ ಗೊತ್ತಿಲ್ಲ."

ಅವ್ವ ಸೆರಗು ಸರಿಮಾಡಿಕೊಂಡಳು. "ಹೌದ್ರಿ. ನಂದ ತಪ್ಪು," ಎಂದಳು.

ಅದು ಬೆರಿಬೆರಿ. ವಿಟಮಿನ್ ಬಿ-ಒನ್ ಇಲ್ಲದೆ ತಾಯಿ ಸೊರಗಿದ್ದಳು, ತಾಯಿಯ ಹಾಲಿನಿಂದ ಮಗುವೂ. ಇಬ್ಬರಿಗೂ ಇಂಜೆಕ್ಷನ್ ಕೊಟ್ಟರು. ಮಗುವಿನ ಹೃದಯ ದಣಿದಿದೆ, ಈಗಲೇ ಏನೂ ಹೇಳಲಾರೆ ಎಂದರು.

ಮರುದಿನ ನಾನು ಹೊರಗೆ ನಲ್ಲಿಯಲ್ಲಿ ಚೊಂಬು ತೊಳೆಯುತ್ತಿದ್ದೆ. ವಾರ್ಡಿನೊಳಗೆ ಯಾವುದೋ ಮಗು ಚೀರಿತು. ಅಷ್ಟು ಸಿಟ್ಟಿನ, ಅಷ್ಟು ಗಟ್ಟಿಯಾದ ಅಳು! ಚೊಂಬು ಬಿಟ್ಟು ಓಡಿದೆ. ನಮ್ಮದೇ ಮಗು. ಪಾರ್ವತಿ ಅಳುತ್ತಲೂ ನಗುತ್ತಲೂ ಇದ್ದಳು. ಪಕ್ಕದ ಹಾಸಿಗೆಯ ಹೆಂಗಸು ಕೂಸಿನ ಬಾಯಿ ಮುಚ್ಚಿಸಿರಿ ಎಂದರೆ, "ಅಳ್ಲಿ ಬಿಡ್ರಿ, ಇನ್ನೂ ಅಳ್ಲಿ," ಎಂದಳು. ನರ್ಸ್ ಕೂಡ ನಕ್ಕರು.

ಆಮೇಲಿನ ದಿನಗಳ ಹುರುಪನ್ನು ಹೇಗೆ ಹೇಳಲಿ! ಟಾನಿಕ್ ಬರೆದುಕೊಡಿ ಎಂದು ಕೇಳಿದೆ. ಟಾನಿಕ್ಕಿನ ದುಡ್ಡಿಗೆ ಕಾಳು ತೆಗೆದುಕೋ ಎಂದರು ಡಾಕ್ಟರು. ಕುಟ್ಟಿದ ಕೆಂಪಕ್ಕಿ, ಒಂದೇ ಸಲ ತೊಳೆದದ್ದು, ಗಂಜಿ ಚೆಲ್ಲದೆ ಇಂಗಿಸಿದ ಅನ್ನ, ಸಿಪ್ಪೆಯ ಸಮೇತ ಹೆಸರು, ಒಂದು ಹಿಡಿ ಶೇಂಗಾ, ದಿನವೂ ಸೊಪ್ಪು. ಇಷ್ಟೇ. ಶಿರಸಿಯ ಪೇಟೆಯಲ್ಲಿ ಕೊಂಡು ಹೊರಟರೆ ಚೀಲ ಕೈ ಜಗ್ಗುವಷ್ಟು ಭಾರ, ಕಿಸೆಯಲ್ಲಿ ಇನ್ನೂ ಚಿಲ್ಲರೆ! ನಮ್ಮ ಸಂಬಳದಲ್ಲಿ ಆರೋಗ್ಯ ಕೊಳ್ಳಲಾಗದು ಎಂದು ತಿಳಿದಿದ್ದ ನನಗೆ ಬಿದ್ದು ಬಿದ್ದು ನಗಬೇಕೆನಿಸಿತು. ಯಲ್ಲಾಪುರದ ನಮ್ಮ ಹಿತ್ತಲ ಬೇಲಿಯ ನುಗ್ಗೆಯನ್ನು ಅದುವರೆಗೆ ಮೇಕೆಗಳಷ್ಟೇ ತಿನ್ನುತ್ತಿದ್ದವು. ದಿನವೂ ಕೊಂಬೆ ಬಗ್ಗಿಸಿ ಸೊಪ್ಪು ಕಿತ್ತೆ. ಮಿಲ್ಲಿನಿಂದ ಹೊಸ ತೌಡು ತಂದು, ಜರಡಿ ಹಿಡಿದು, ಹುರಿದು, ರೊಟ್ಟಿ ಹಿಟ್ಟಿಗೆ ಬೆರೆಸಿದೆ.

"ನಾನೇನ್ ಎಮ್ಮಿ ಏನ್ರಿ?" ಎಂದಳು ಪಾರ್ವತಿ. ಆದರೂ ಎರಡನೆಯ ರೊಟ್ಟಿಗೆ ಕೈ ಚಾಚಿದಳು.

ಬಾವು ಇಳಿಯಿತು. ಒಂದು ದಿನ ಅಂಗಳದಲ್ಲಿ ಕಲ್ಲು ಚುಚ್ಚಿ "ಅಯ್ಯವ್ವಾ" ಎಂದವಳು, ನೋವು ತಿಳಿದ ಖುಷಿಗೆ ಅದೇ ಕಲ್ಲನ್ನು ಮತ್ತೆ ತುಳಿದಳು.

ನಾನು ಸಿಕ್ಕವರಿಗೆಲ್ಲ ಅಕ್ಕಿಯ ಪಾಠ ಹೇಳಿದೆ. ಡಿಪೋದವರು ಹೆಂಡತಿ ಮಗುವನ್ನು ಉಳಿಸಿಕೊಂಡವನು ಎಂದು ಹೊಗಳಿದರು. ಪ್ರತಿ ಸಲವೂ ನನ್ನ ಕಥೆಯಲ್ಲಿ ಅವ್ವನ ಪಥ್ಯ ಬಂತು, ನನ್ನ ಮಿಲ್ಲು ಬರಲಿಲ್ಲ. ಪಥ್ಯದಲ್ಲಿ ಬೇಳೆ ಸೊಪ್ಪು ಇರಲಿಲ್ಲ ನಿಜ. ಆದರೆ ಅವ್ವನ ಕೈಯಲ್ಲಿ ಅದೇ ಪಥ್ಯ ಉಂಡ ಎಕ್ಕಂಬಿಯ ಬಾಣಂತಿಯರು ಗಟ್ಟಿಯಾಗಿಯೇ ಎದ್ದಿದ್ದರು. ಅವರ ತಟ್ಟೆಯಲ್ಲಿ ಇದ್ದದ್ದು ಕುಟ್ಟಿದ ಅಕ್ಕಿ.

ನನ್ನ ಮಾತು ಎಕ್ಕಂಬಿಗೂ ಹೋಯಿತು. ಸೊಸೆಯನ್ನು ಉಪವಾಸ ಕೆಡವಿದಾಕೆ ಎಂದು ಆಡಿಕೊಂಡರು. ಕೂಸು ಎರೆಯಲು ಅವ್ವನನ್ನು ಕರೆಯುವುದು ನಿಂತಿತು. ನಮಗೆ ಎರಡನೆಯ ಮಗು ಹುಟ್ಟಿದಾಗ ಕರೆದುಕೊಂಡು ಬಂದೆ. ಪಾರ್ವತಿ ಮಗುವನ್ನು ಮುಂದೆ ಹಿಡಿದಳು. ಅವ್ವ ಕಾಲು ಮಡಚಿಕೊಂಡಳು.

"ನನ್ನ ಕೈ ಬ್ಯಾಡವ್ವಾ," ಎಂದಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆಡಲಿಲ್ಲ. ಅವ್ವ ತೀರಿಕೊಂಡ ಮೇಲೆ ಪಾರ್ವತಿಗೂ ಹೇಳಲಿಲ್ಲ.

ದನಿ ಕಳೆದುಕೊಂಡಿದ್ದ ಆ ಮಗಳು ಈಗ ತನ್ನ ಮೊಮ್ಮಕ್ಕಳನ್ನು ಗದರಿಸಿದರೆ ಬೀದಿಗೆಲ್ಲ ಕೇಳುತ್ತದೆ. ಕೇಳಿದಾಗಲೆಲ್ಲ ಹಿಗ್ಗುತ್ತೇನೆ, ಕೈ ಮುಗಿಯುತ್ತೇನೆ. ಅಷ್ಟೇ ಹೊತ್ತಿಗೆ ತಲೆಯೂ ತಗ್ಗುತ್ತದೆ. ತಪ್ಪಾಯಿತು ಎಂದು ಒಮ್ಮೆಯೂ ಹೇಳದೆ ನಾನು ಮಣ್ಣಿಗೆ ಕಳಿಸಿಕೊಟ್ಟವಳು ನನ್ನ ತಾಯಿ, ಎಕ್ಕಂಬಿಯ ನೀಲವ್ವ.